‘ಮೇನ್ ಆಫ್ ಮಾಡಿದ್ದೀನಿ, ನೀವು ಶುರು ಮಾಡಿ’

ನೆಟ್‌ವರ್ಕ್ ಕೇಬಲ್, ಕ್ಯಾಮೆರಾ ಕೇಬಲ್ ಎಳೆಯುವುದು ನನ್ನ ಕೆಲಸ. ‘ನಿಮಗೇನ್ರೀ, ನಿಮ್ಮ ಕೇಬಲ್‌ನಲ್ಲಿ ಕರೆಂಟೇ ಇರಲ್ಲ’ ಎನ್ನುವವರೇ ಜಾಸ್ತಿ. ನಮ್ಮ ಕೇಬಲ್‌ನಲ್ಲಿ ಶಾಕ್ ಹೊಡೆಯುವಷ್ಟು ಇರುವುದಿಲ್ಲ, ನಿಜ. ಅದು ಹಾದುಹೋಗುವ ಗೋಡೆಯೊಳಗೆ ಇರುತ್ತದಲ್ಲ!

ಹೊಸ ಕಟ್ಟಡದಲ್ಲಿ ಪೈಪುಗಳು ಕಣ್ಣಿಗೆ ಕಾಣುತ್ತವೆ. ಹಳೆಯದರಲ್ಲಿ ಯಾರು, ಯಾವಾಗ, ಏನು ಎಳೆದಿದ್ದಾರೋ ಹೇಳುವವರಿಲ್ಲ. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲೆ ಕೆಳಗೆ ವೈರ್ ಇರುತ್ತದೆ ಎಂದುಕೊಂಡು ಆ ಜಾಗ ಬಿಟ್ಟು ಡ್ರಿಲ್ ಇಡುತ್ತೇವೆ. ಪೈಪ್ ಉಳಿಸಲು ಓರೆಯಾಗಿ ಎಳೆದ ಪುಣ್ಯಾತ್ಮರೂ ಇದ್ದಾರೆ.

ಒಮ್ಮೆ ಒಂದು ಆಫೀಸಿನಲ್ಲಿ ‘ಮೇನ್ ಆಫ್ ಮಾಡಿದ್ದೀನಿ’ ಎಂದರು. ಲೈಟೂ ಆರಿತ್ತು. ಟೆಸ್ಟರ್ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಏಣಿ ಹತ್ತಿ ಹಳೆ ಪೈಪಿಗೆ, ಕೇಬಲ್ ಎಳೆಯಲು ಬಳಸುವ ಉದ್ದನೆಯ ಸ್ಟೀಲ್ ಸ್ಪ್ರಿಂಗ್ ತಳ್ಳಿದೆ. ಅದರ ಇನ್ನೊಂದು ತುದಿ ಜಂಕ್ಷನ್ ಬಾಕ್ಸಿನಲ್ಲಿ ಬಿಚ್ಚಿದ್ದ ವೈರಿಗೆ ತಾಗಿತು. ಕೈಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು, ಮರುಕ್ಷಣ ನೆಲದ ಮೇಲಿದ್ದೆ. ಎರಡನೇ ಮೆಟ್ಟಿಲಿನಲ್ಲಿದ್ದೆ, ಬಚಾವಾದೆ. ಕಂಪ್ಯೂಟರ್‌ಗಳ ಯುಪಿಎಸ್ ಲೈನ್ ಆ ಪೈಪಿನಲ್ಲೇ ಇತ್ತು. ಮೇನ್ ಆಫ್ ಆದರೆ ಅದು ಬ್ಯಾಟರಿಯಿಂದ ನಡೆಯುತ್ತದೆ. ಅದು ಇರುವುದೇ ಅದಕ್ಕೆ, ಅಲ್ವಾ?

ತಪ್ಪು ಹೇಳಿದವರದ್ದಲ್ಲ, ನನ್ನದು. ಇನ್ನೊಬ್ಬರು ಆಫ್ ಮಾಡಿದ್ದನ್ನು ನಾನು ಪರೀಕ್ಷೆ ಮಾಡದೆ ನಂಬಿದೆ. ಈಗ ಟೆಸ್ಟರ್ ಅನ್ನು ಮೊದಲು ಕರೆಂಟ್ ಇರುವ ಪಾಯಿಂಟಿಗೆ ಹಿಡಿಯುತ್ತೇನೆ, ಆಮೇಲೆ ಕೆಲಸದ ಜಾಗಕ್ಕೆ, ಮತ್ತೆ ಕರೆಂಟ್ ಇರುವ ಪಾಯಿಂಟಿಗೆ. ನಡುವೆ ಟೆಸ್ಟರ್ರೇ ಕೆಟ್ಟಿದ್ದರೆ? ಮುಟ್ಟದೆ ಬೀಪ್ ಮಾಡುವ ಪೆನ್ನನ್ನಂತೂ ಪೂರ್ತಿ ನಂಬಬೇಡಿ. ಕಬ್ಬಿಣದ ಪೈಪಿನೊಳಗಿನ ವೈರ್ ಅದಕ್ಕೆ ಗೊತ್ತೇ ಆಗುವುದಿಲ್ಲ.

ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಅದರ ಕಥೆ ಇನ್ನೂ ಮೋಸದ್ದು. ಹಳೆ ವೈರಿಂಗ್‌ನಲ್ಲಿ ಎರಡು ಸರ್ಕ್ಯೂಟ್‌ಗೆ ಒಂದೇ ನ್ಯೂಟ್ರಲ್ ಕೊಟ್ಟಿರುತ್ತಾರೆ. ಒಂದರ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇಳಿಸಿ ಆ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದರೆ, ಇನ್ನೊಂದರ ಲೈಟು, ಫ್ಯಾನಿನ ಮೂಲಕ ಬರುವ 230 ವೋಲ್ಟ್ ಬಿಚ್ಚಿದ ತುದಿಯಲ್ಲಿ ಕಾದಿರುತ್ತದೆ.

‘ಎಂಸಿಬಿ ಇದೆ, ಟ್ರಿಪ್ ಆಗುತ್ತೆ ಬಿಡಿ’ ಎನ್ನುತ್ತಾರೆ. ಎಂಸಿಬಿ ಇರುವುದು ವೈರ್ ಸುಡದಿರಲಿ ಎಂದು. 16 ಆಂಪ್‌ನ ಎಂಸಿಬಿಗೆ ಮನುಷ್ಯನ ಮೂಲಕ ಹೋಗುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಜೀವ ಉಳಿಸಲು ಬೇಕಾದದ್ದು 30 ಮಿಲಿಆಂಪ್‌ನ ಆರ್‌ಸಿಸಿಬಿ. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಎಲ್ಲೋ ಸೋರಿದರೆ ಅದು ಲೈನ್ ಕಡಿಯುತ್ತದೆ. ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಅದಕ್ಕೂ ಗೊತ್ತಾಗದು.

ಇನ್ನು, ‘ಗೋಡೆ ಕೊರೆಯಬೇಡಿ, ಕರೆಂಟ್ ಪೈಪಲ್ಲೇ ಜಾಗ ಇದೆ, ಅದರಲ್ಲೇ ಹಾಕಿ’ ಎನ್ನುವವರು. ಆಗಲ್ಲ ಎಂದರೆ ದುಡ್ಡು ಜಾಸ್ತಿ ಕೇಳಲು ನೆಪ ಅಂದುಕೊಳ್ಳುತ್ತಾರೆ. ಹಳೆ ವೈರಿನ ರಬ್ಬರ್ ಒಣಗಿ ಮುಟ್ಟಿದರೆ ಉದುರುತ್ತದೆ. ಅದರ ಪಕ್ಕ ಕೇಬಲ್ ಉಜ್ಜಿಕೊಂಡು ಹೋದರೆ ಎರಡರ ಸಿಪ್ಪೆಯೂ ಕಿತ್ತು, ಕ್ಯಾಮೆರಾ ಮುಟ್ಟಿದವರ ಕೈಗೆ ಮನೆಯ ಕರೆಂಟ್ ಬರಬಹುದು.

ಮೊನ್ನೆ ಇನ್ನೊಂದು ಕಡೆ, ಕೆಲಸದ ಹೊತ್ತಿನಲ್ಲಿ ಯುಪಿಎಸ್ ಆಫ್ ಮಾಡಲು ಆಗುವುದಿಲ್ಲ ಎಂದರು. ಭಾನುವಾರ ಬರುತ್ತೇನೆ ಎಂದು ಬ್ಯಾಗ್ ಮುಚ್ಚಿದೆ. ಮುಖ ಸಣ್ಣ ಮಾಡಿಕೊಂಡರು. ಭಾನುವಾರ ಎಲ್ಲ ಆಫ್ ಮಾಡಿಸಿ, ಟೆಸ್ಟ್ ಮಾಡಿ, ಫಾಲ್ಸ್ ಸೀಲಿಂಗ್‌ನ ಒಂದು ಹಲಗೆ ಎತ್ತಿದೆ. ಟೇಪ್ ಕೂಡ ಸುತ್ತದ ಎರಡು ಜಾಯಿಂಟ್, ನಾನು ಕೈ ಹಾಕಬೇಕಿದ್ದ ಜಾಗದಲ್ಲೇ ನೇತಾಡುತ್ತಿದ್ದವು.