‘ಏನೂ ಇಲ್ಲ ಸಿಸ್ಟರ್’

ಬೆಂಗಳೂರಿನ ಯಾವ ಆಸ್ಪತ್ರೆಯ ರೇಡಿಯಾಲಜಿ (ಸ್ಕ್ಯಾನಿಂಗ್) ವಿಭಾಗದ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ‘ಏನೂ ಇಲ್ಲ ಸಿಸ್ಟರ್.’ ಬೆಳಗ್ಗೆ ಏನು ತಿಂದ್ರಿ? ಏನೂ ಇಲ್ಲ. ಮೈಮೇಲೆ ಕಬ್ಬಿಣ, ಬೆಳ್ಳಿ, ಬಂಗಾರ? ಏನೂ ಇಲ್ಲ. ಮಾತ್ರೆ ಏನಾದ್ರೂ ತಗೋತೀರಾ? ಏನೂ ಇಲ್ಲ. ಆ ‘ಏನೂ ಇಲ್ಲ’ದೊಳಗೆ ಏನೇನಿದೆ ಎಂದು ಹೊರತೆಗೆಯುವುದೇ ಇಲ್ಲಿನ ನರ್ಸಿನ ಮುಕ್ಕಾಲು ಕೆಲಸ. ಉಳಿದ ಕಾಲು ಪಾಲು ಸೂಜಿ ಚುಚ್ಚುವುದು.

ಹೊಟ್ಟೆಯ ಅಲ್ಟ್ರಾಸೌಂಡಿಗೆ 6 ಗಂಟೆ ಉಪವಾಸ ಬೇಕು. ತಿಂದಿಲ್ಲ ಅಂದಿದ್ದು ಸುಳ್ಳಲ್ಲ, ಫಿಲ್ಟರ್ ಕಾಫಿ ಈ ಊರಲ್ಲಿ ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ. ಪಿತ್ತಕೋಶಕ್ಕೆ ಮಾತ್ರ ಬರುತ್ತದೆ. ಹಾಲಿನ ಕೊಬ್ಬು ಕರುಳಿಗೆ ಇಳಿದರೆ ಸಾಕು, ಅದು ಇದ್ದಬದ್ದ ಪಿತ್ತರಸ ಸುರಿದು ಮುದುಡಿ ಕೂರುತ್ತದೆ, ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ. ಕಿಬ್ಬೊಟ್ಟೆಯ ಸ್ಕ್ಯಾನಿಂಗ್ ಇದಕ್ಕೆ ಉಲ್ಟಾ: ಒಂದು ಲೀಟರ್ ನೀರು ಕುಡಿದು ತಡೆದುಕೊಂಡಿರಬೇಕು. ತುಂಬಿದ ಮೂತ್ರಕೋಶ ಗ್ಯಾಸ್ ತುಂಬಿದ ಕರುಳನ್ನು ಬದಿಗೆ ಸರಿಸುತ್ತದೆ, ಆಗ ಹಿಂದಿರುವುದು ಕಾಣುತ್ತದೆ. ಸರದಿ ಬರುವ ಎರಡು ನಿಮಿಷ ಮೊದಲು, ‘ತಡೆಯೋಕಾಗ್ಲಿಲ್ಲ, ಸ್ವಲ್ಪವೇ ಮಾಡ್ಬಂದೆ.’ ಸ್ವಲ್ಪ ಮಾಡಿ ನಿಲ್ಲಿಸುವ ವಿದ್ಯೆ ಯಾವ ಯೋಗಿಗೆ ಒಲಿದಿದೆಯೋ. ಮತ್ತೆ ಬಾಟಲಿ, ಮತ್ತೆ ಒಂದು ಗಂಟೆ.

ಎಂಆರ್‌ಐ ಕೋಣೆಯಲ್ಲಿ ‘ಏನೂ ಇಲ್ಲ’ ಅನ್ನುವುದು ತಮಾಷೆಯ ಮಾತಲ್ಲ. ಅಲ್ಲಿನ ದೈತ್ಯ ಅಯಸ್ಕಾಂತದ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ಅದರ ತಂತಿಯ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಕೂತಿರುತ್ತದೆ, ಆ ಚಳಿಯಲ್ಲಿ ಒಮ್ಮೆ ಹರಿಸಿದ ವಿದ್ಯುತ್ತು ತಡೆಯಿಲ್ಲದೆ ಸುತ್ತುತ್ತಲೇ ಇರುವುದರಿಂದ ಸ್ಕ್ಯಾನ್ ನಡೆಯದಿದ್ದರೂ, ಕರೆಂಟು ಹೋದರೂ, ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ. ‘ಮಷಿನ್ ಆಫಾಗಿದೆಯಲ್ಲ’ ಎಂದು ಗಾಲಿಕುರ್ಚಿ ತಳ್ಳಿಕೊಂಡು ಒಳನುಗ್ಗುವ ಮಗನನ್ನು ಬಾಗಿಲಲ್ಲೇ ಅಡ್ಡಗಟ್ಟಬೇಕು. ಅವನ ತಾಯಿಯನ್ನು ಮತ್ತೆ ಕೇಳಬೇಕು. ಜಡೆಯಲ್ಲಿ ಹೇರ್‌ಪಿನ್ನು ನಾಲ್ಕು. ಭುಜದ ಮೇಲೊಂದು ಸೀರೆ ಪಿನ್ನು, ಸೊಂಟದಲ್ಲೊಂದು. ಮಾಂಗಲ್ಯದ ಸರಕ್ಕೆ, ಆಪತ್ಕಾಲಕ್ಕಿರಲಿ ಎಂದು ಸಿಕ್ಕಿಸಿಕೊಂಡ ಪಿನ್ನುಗಳ ಗೊಂಚಲು. ಬಂಗಾರವನ್ನು ಅಯಸ್ಕಾಂತ ಎಳೆಯುವುದಿಲ್ಲ, ಚಿತ್ರ ಕೆಡಿಸುತ್ತದೆ, ಬಿಸಿಯೂ ಆಗಬಹುದು. ಗೊಂಚಲು ಮಾತ್ರ ನೇರ ಹಾರುತ್ತದೆ. ತಾಳಿ ತೆಗೆಯಲು ಮನಸ್ಸೊಪ್ಪದವರಿಗೆ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳಿ ಅಂದರೆ ಜಗಳವಿಲ್ಲದೆ ಮುಗಿಯುತ್ತದೆ. ಗಂಡಸರು ಕಮ್ಮಿಯೇನಲ್ಲ. ಉಡಿದಾರದ ತಾಯಿತ ಹೊರಬರುವುದು ಮೂರನೇ ಪ್ರಶ್ನೆಗೆ.

ಉಂಗುರ ಬರದಿದ್ದರೆ ದಾರದ ಒಂದು ತುದಿಯನ್ನು ಉಂಗುರದಡಿ ತೂರಿಸಿ, ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಸುತ್ತಿ, ತೂರಿಸಿದ ತುದಿ ಹಿಡಿದು ಬೆರಳ ತುದಿಯ ಕಡೆಗೆ ಬಿಚ್ಚುತ್ತಾ ಬಂದರೆ ಉಂಗುರವೂ ಜೊತೆಗೇ ಬರುತ್ತದೆ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರೋಂಟ್‌ಜೆನ್ ತನ್ನ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದಾಗ ಬೆರಳಲ್ಲಿ ಉಂಗುರ ಹಾಗೇ ಇತ್ತು. ಬಿಚ್ಚಿಸಲು ಅಲ್ಲಿ ನರ್ಸ್ ಇರಲಿಲ್ಲ, ಪಾಪ.

ಸಿಟಿ ಸ್ಕ್ಯಾನಿನಲ್ಲಿ ಬೇರೆಯೇ ಪಂಚಾಯ್ತಿ. ರಕ್ತನಾಳದ ಚಿತ್ರ ತೆಗೆಯುವ ಆಂಜಿಯೋಗೆ ಸೆಕೆಂಡಿಗೆ 4–5 ಎಂಎಲ್ ವೇಗದಲ್ಲಿ ಕಾಂಟ್ರಾಸ್ಟ್ (ಚಿತ್ರದಲ್ಲಿ ನಾಳಗಳನ್ನು ಎದ್ದು ಕಾಣಿಸುವ ಔಷಧಿ) ಹೋಗಬೇಕು, ಅದಕ್ಕೆ ಮೊಣಕೈ ಮಡಿಕೆಯಲ್ಲಿ ಹಸಿರು ಬಣ್ಣದ 18 ಗೇಜಿನ ಕ್ಯಾನುಲಾ, ಅಂದರೆ ನರದೊಳಗೆ ಕೂರಿಸುವ ಕೊಳವೆ, ಬೇಕು. ವಾರ್ಡಿನಿಂದ ಬರುವುದು ಮುಂಗೈಗೆ ಹಾಕಿದ, ಮಕ್ಕಳಿಗೆ ಸಲ್ಲುವ ಹಳದಿ 24 (ಗೇಜಿನ ಅಂಕಿ ಏರಿದಷ್ಟೂ ಕೊಳವೆ ಸಣ್ಣ). ‘ಒಂದಿದೆಯಲ್ಲ, ಇನ್ನೊಂದ್ಯಾಕೆ?’ ಎಂಬ ನ್ಯಾಯವಾದ ಪ್ರಶ್ನೆಗೆ ಉತ್ತರ ಹೇಳುತ್ತಲೇ ನರ ಹುಡುಕಬೇಕು. ಎಸಿಯ ಚಳಿಗೆ ನರಗಳು ಅಡಗಿಬಿಟ್ಟಿರುತ್ತವೆ. ಕೈ ಕೆಳಗೆ ಇಳಿಬಿಟ್ಟು, ಗ್ಲೌಸಿಗೆ ಬೆಚ್ಚನೆ ನೀರು ತುಂಬಿ ಮೇಲಿಟ್ಟರೆ ಐದು ನಿಮಿಷದಲ್ಲಿ ತಲೆಯೆತ್ತುತ್ತವೆ. ಚುಚ್ಚಿದ ಮೇಲೆ 10 ಎಂಎಲ್ ಸಲೈನ್ ಕೈಯಾರೆ ತಳ್ಳಿ, ನರದ ಮೇಲೆ ಬೆರಳಿಟ್ಟು ನೋಡಬೇಕು. ಉಬ್ಬಿತೋ, ನರ ಬಿಟ್ಟು ಹೊರಗೆ ಸೋರುತ್ತಿದೆ ಎಂದೇ ಅರ್ಥ.

ಕಾಂಟ್ರಾಸ್ಟ್ ಹೋಗುವ ಮುಂಚೆ ಹೇಳದೆ ಬಿಟ್ಟರೆ ಕೆಟ್ಟಿತು: ‘ಮೈಯೆಲ್ಲ ಬಿಸಿ ಆಗುತ್ತೆ, ಮೂತ್ರ ಹೋದ ಹಾಗನ್ಸುತ್ತೆ, ಹೋಗಿರಲ್ಲ.’ ಹೇಳದಿದ್ದರೆ ಮಂಚದ ಮೇಲೆ ಅಜ್ಜಿ ‘ಅಯ್ಯೋ, ಆಗ್ಹೋಯ್ತಲ್ಲಮ್ಮಾ’ ಎಂದು ಎದ್ದು ಕೂತಿರುತ್ತಾರೆ, ಚಿತ್ರವೆಲ್ಲ ಕಲಸಿದ ಚಿತ್ರಾನ್ನ. ಇನ್ನು ಯಂತ್ರ ಇಂಗ್ಲಿಷಿನಲ್ಲಿ ಉಸಿರು ಹಿಡಿಯಲು ಹೇಳಿದರೆ, ಅಜ್ಜಿ ‘ಹಾಂ?’ ಅನ್ನುತ್ತಾರೆ, ಹಿಡಿದಿದ್ದ ಉಸಿರೂ ಅದರೊಂದಿಗೇ ಹೋಗುತ್ತದೆ. ಅದಕ್ಕೇ ಮೊದಲೇ ಎರಡು ಸಲ ಕನ್ನಡದಲ್ಲಿ ತಾಲೀಮು.

ಮಾತ್ರೆಯ ‘ಏನೂ ಇಲ್ಲ’ ಬಯಲಾಗುವುದು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ನೋಡಿದಾಗ. ‘ಶುಗರಿಗಾ? ಅದು ದಿನಾ ತಗೊಳ್ಳೋದಲ್ವಾ!’ ದಿನಾ ತಗೊಂಡರೆ ಅದು ಮಾತ್ರೆ ಅಲ್ಲ. ಕಿಡ್ನಿ ತೀರಾ ಸೊರಗಿದ್ದು, ಆ ಮಾತ್ರೆ ಮೆಟ್‌ಫಾರ್ಮಿನ್ ಆಗಿದ್ದರೆ 48 ಗಂಟೆ ನಿಲ್ಲಿಸಬೇಕು, ಡಾಕ್ಟರಿಗೆ ಫೋನು ಹೋಗಬೇಕು.

ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಕ್ಯಾನುಲಾ ಸಮೇತ ಕೂರಿಸಿ, ತುರಿಕೆ, ದದ್ದು, ಉಬ್ಬಸ ಇಲ್ಲವೆಂದು ಖಾತ್ರಿಯಾದ ಮೇಲೆ ತೆಗೆದು ಹತ್ತಿ ಒತ್ತಬೇಕು. ‘ಇವತ್ತೆಲ್ಲ ಚೆನ್ನಾಗಿ ನೀರು ಕುಡೀರಿ, ಔಷಧಿ ಮೂತ್ರದಲ್ಲಿ ಹೋಗ್ಬೇಕು.’

‘ಕಾಫಿ ಲೆಕ್ಕಕ್ಕೆ ಬರುತ್ತಲ್ವಾ ಸಿಸ್ಟರ್?’