ಚಿವುಟೋದೂ ಅವರೇ, ತೊಟ್ಟಿಲು ತೂಗೋದೂ ಅವರೇ

ಗುರುವಾರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಆಫೀಸಿನಿಂದ ಒಂದು ಮೇಲ್ ಬಂತು. ನಾನಾಗಲೇ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ, ಅದು ಬೇರೆ ಮಾತು. ಫೋನು ಗುಂಯ್ ಅಂದಿದ್ದೇ ಎದೆ ಧಸಕ್ಕೆಂದಿತು. ಈ ಹೊತ್ತಿನಲ್ಲಿ ಮೇಲ್ ಅಂದರೆ ಏನೋ ಕೆಟ್ಟಿದೆ, ಕೆಡಿಸಿದ್ದು ನಾನೇ ಇರಬೇಕು. ಕಣ್ಣು ಕಿರಿದು ಮಾಡಿಕೊಂಡು ಓದಿದೆ. 'ಒತ್ತಡ ಮುಕ್ತ ಶುಕ್ರವಾರ! ನಾಳೆ ಸಂಜೆ ಐದೂವರೆಯಿಂದ ಏಳರವರೆಗೆ. ಹಾಜರಾತಿ ಕಡ್ಡಾಯ. ಬಾರದವರು ಕಾರಣವನ್ನು ಲಿಖಿತವಾಗಿ ತಿಳಿಸಬೇಕು.' ಕೆಳಗೆ ನಗುತ್ತಿರುವ ಸೂರ್ಯನ ಚಿತ್ರ.

ನಮ್ಮ ಆಫೀಸು ಬಿಡೋದು ಐದೂವರೆಗೆ. ಅಂದರೆ ಮನೆಗೆ ಹೋಗಿ ಆರಾಮಾಗಿ ಕೂರಬೇಕಾದ ಒಂದೂವರೆ ಗಂಟೆಯನ್ನೇ ಕಿತ್ತುಕೊಂಡು, ಆರಾಮಾಗಿ ಕೂರೋದು ಹೇಗೆ ಅಂತ ಹೇಳಿಕೊಡುತ್ತಾರೆ.

ತಪ್ಪು ನಮ್ಮದೂ ಇದೆ ಬಿಡಿ. ಹಿಂದಿನ ತಿಂಗಳ ಮೀಟಿಂಗ್‌ನಲ್ಲಿ ನಮ್ಮವರೊಬ್ಬರು ಧೈರ್ಯ ಮಾಡಿ ಎದ್ದು ನಿಂತು, 'ಸರ್, ಉಸಿರಾಡೋಕೂ ಪುರುಸೊತ್ತಿಲ್ಲ' ಅಂದುಬಿಟ್ಟಿದ್ದರು. ಇನ್ನಿಬ್ಬರನ್ನು ಕೆಲಸಕ್ಕೆ ತಗೊಳ್ಳಲಿ ಅನ್ನೋದು ಅವರ ಆಸೆ. ಮೇಲಿನವರು ಮಾತನ್ನು ಹಾಗ್ಹಾಗೇ ಹಿಡಿದುಕೊಂಡರು. ಉಸಿರಾಡೋಕೆ ತಾನೇ ಪುರುಸೊತ್ತಿಲ್ಲ? ತಗೊಳ್ಳಿ ಒಂದೂವರೆ ಗಂಟೆ. ಉಸಿರಾಡಿ.

ಸೆಷನ್ ನಡೆದದ್ದು ಅದೇ ಮೀಟಿಂಗ್ ರೂಮಿನಲ್ಲಿ. ಸೋಮವಾರ ಅಲ್ಲೇ ನಮ್ಮ ಟಾರ್ಗೆಟ್ ಏರಿಸಿದ್ದರು. ಬೋರ್ಡಿನ ಮೇಲೆ ಅರೆಬರೆ ಒರೆಸಿದ ಅಂಕಿಗಳು ಇನ್ನೂ ಕಾಣುತ್ತಿದ್ದವು. ಅದರ ಮುಂದೆ ನಿಂತು ತರಬೇತಿಯವರು ಬೆಣ್ಣೆಯಂಥ ದನಿಯಲ್ಲಿ, 'ಕಣ್ಣು ಮುಚ್ಚಿ. ನೀವೀಗ ಒಂದು ಕಡಲ ತೀರದಲ್ಲಿದ್ದೀರಿ' ಅಂದರು. ಮುಚ್ಚಿದೆವು. ಎರಡು ನಿಮಿಷ ಆಗಿತ್ತೋ ಇಲ್ಲವೋ, ರೂಮಿನ ದೀಪಗಳೆಲ್ಲ ಆರಿಹೋದವು.

ಆ ದೀಪಗಳಿಗೆ ಸೆನ್ಸರ್ ಇದೆ. ಯಾರೂ ಅಲ್ಲಾಡದಿದ್ದರೆ ಒಳಗೆ ಜನ ಇಲ್ಲ ಅಂದುಕೊಂಡು ಆರುತ್ತವೆ. ಅಷ್ಟು ವರ್ಷದಲ್ಲಿ ಮೊದಲ ಸಲ ನಾವು ಸುಮ್ನೆ ಕೂತಿದ್ದನ್ನು ನೋಡಿದ ಕಟ್ಟಡ, ನಾವು ಇಲ್ಲವೇ ಇಲ್ಲ ಅಂತ ತೀರ್ಮಾನ ಮಾಡಿತು. ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಕೊನೆಗೆ ಒಂದು ಉಪಾಯ ಹುಡುಕಿದರು. ಎರಡು ನಿಮಿಷಕ್ಕೊಮ್ಮೆ ಒಬ್ಬರು ಕೈ ಬೀಸುತ್ತಿರಬೇಕು. ಬಾಗಿಲ ಹತ್ತಿರ ಕೂತಿದ್ದು ನಾನು. ಹಾಗಾಗಿ ಉಳಿದವರ ಶಾಂತಿಗೋಸ್ಕರ ಗಡಿಯಾರ ನೋಡಿಕೊಂಡು ಕೈ ಬೀಸುವ ಡ್ಯೂಟಿ ನನಗೇ ಬಂತು.

ಅದರಿಂದ ಒಂದು ಲಾಭವಾಯಿತು. ಇಡೀ ರೂಮಿನಲ್ಲಿ ಕಣ್ಣು ತೆರೆದಿರಲು ಅಧಿಕೃತ ಅನುಮತಿ ಇದ್ದವನು ನಾನೊಬ್ಬನೇ. ಅನುಮತಿ ಇಲ್ಲದೆ ತೆರೆದವರೇ ಜಾಸ್ತಿ ಇದ್ದರು ಅನ್ನೋದು ಬೇರೆ ವಿಷಯ. ಮೇಜಿನ ಕೆಳಗೆ ಆರೇಳು ಫೋನು ಮಿನುಗುತ್ತಿದ್ದವು. ನಮ್ಮ ಮ್ಯಾನೇಜರ್ ಸಾಹೇಬರು ಒಂದು ಕೈಯನ್ನು ಎದೆಯ ಮೇಲಿಟ್ಟು ಉಸಿರು ಎಳೆಯುತ್ತಾ ಇನ್ನೊಂದು ಕೈಯಲ್ಲಿ ಟೈಪ್ ಮಾಡುತ್ತಿದ್ದರು. ಅದು ನನಗೇ ಬಂದ ಮೆಸೇಜು: 'ಆ ವರದಿ ಇವತ್ತೇ ಬೇಕು, ಇದು ಮುಗಿದ ಮೇಲೆ.'

ಮೂಲೆಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ನಿಜವಾಗಿಯೂ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣ ಗೊರಕೆ ಬೇರೆ. ಆ ಸಂಜೆ ಒತ್ತಡ ಕಳೆದುಕೊಂಡವರು ಅವರೊಬ್ಬರೇ ಅಂತ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ತರಬೇತಿಯವರು ಮೆಲ್ಲಗೆ ಹೋಗಿ ಭುಜ ತಟ್ಟಿ ಎಬ್ಬಿಸಿದರು. 'ಸರ್, ಮಲಗಬಾರದು. ಇದು ವಿಶ್ರಾಂತಿ.'

ಉಸಿರಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದರಲ್ಲಿ ನಿಜವೂ ಇದೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಎದೆ, ಹೊಟ್ಟೆವರೆಗೂ ಇಳಿಯುವ ವೇಗಸ್ ನರ ಮಾಡುವ ಕೆಲಸ ಅದು. ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಬಿಟ್ಟರೆ ಮೈ ಸಡಿಲವಾಗುತ್ತದೆ. ಇದಕ್ಕೆ ನಮ್ಮ ಮಾತಿನಲ್ಲಿ ಮೊದಲಿಂದಲೂ ಒಂದು ಹೆಸರಿದೆ, ನಿಟ್ಟುಸಿರು. ನಮ್ಮ ಇಡೀ ವಿಭಾಗ ಯಾವ ತರಬೇತಿಯೂ ಇಲ್ಲದೆ ವರ್ಷಗಳಿಂದ ಅಭ್ಯಾಸ ಮಾಡಿಕೊಂಡು ಬಂದಿದೆ.

ಎಂಜಿನಿಯರುಗಳು ಲೋಹದ ಸರಳಿನ ಮೇಲೆ ಬೀಳುವ ಬಲಕ್ಕೆ ಸ್ಟ್ರೆಸ್ ಅನ್ನುತ್ತಿದ್ದರು. ಅದೇ ಪದವನ್ನು ಜೀವಿಗಳ ಮೈಗೆ ಅಂಟಿಸಿ ಮನೆಮಾತು ಮಾಡಿದವರು ಹ್ಯಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ. 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದರು. ಇಲಿಗಳನ್ನು ಚಳಿಯಲ್ಲಿಟ್ಟು, ಗಾಯ ಮಾಡಿ, ಮಿತಿಮೀರಿ ದಣಿಸಿ ನೋಡಿದ್ದರು. ಕಾಟ ಯಾವುದೇ ಇರಲಿ, ಇಲಿಯ ಮೈ ಪಟ್ಟ ಪಾಡು ಮಾತ್ರ ಒಂದೇ ಥರ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಹೊಟ್ಟೆಯಲ್ಲಿ ಹುಣ್ಣು. ಆದರೆ ಒಂದು ವಿಷಯದಲ್ಲಿ ಆ ಇಲಿಗಳು ಪುಣ್ಯ ಮಾಡಿದ್ದವು. ಅವುಗಳಿಗೆ ಯಾರೂ 'ಇದನ್ನು ಒಂದು ಅವಕಾಶ ಅಂತ ನೋಡಿ' ಅನ್ನಲಿಲ್ಲ.

ಆ ಲೋಹದ ಸರಳಿನ ಕಥೆಯೂ ಅಷ್ಟೇ. ಭಾರ ಜಾಸ್ತಿಯಾಗಿ ಬಾಗಿತು ಅನ್ನಿ. ಎಂಜಿನಿಯರು ಭಾರ ಇಳಿಸುತ್ತಾನೆ, ಇಲ್ಲವೇ ಪಕ್ಕಕ್ಕೆ ಇನ್ನೊಂದು ಸರಳು ಕೊಡುತ್ತಾನೆ. ಸರಳಿಗೆ ಬಣ್ಣದ ಪೆನ್ಸಿಲ್ಲು ಕೊಟ್ಟು ಕೂರಿಸುವುದಿಲ್ಲ. ನಮಗೆ ಕೊಟ್ಟರು. ಎರಡನೇ ಶುಕ್ರವಾರ ಹೂವಿನ ಚಿತ್ರಕ್ಕೆ ಬಣ್ಣ ತುಂಬುವ ಕಾರ್ಯಕ್ರಮ. ಗೆರೆ ದಾಟಬಾರದು ಅನ್ನುವ ಟೆನ್ಷನ್ನಿನಲ್ಲಿ ನನ್ನ ಪಕ್ಕದವಳ ಪೆನ್ಸಿಲ್ಲೇ ಮುರಿಯಿತು. ಮೂರನೇ ವಾರ ಹಿಸುಕುವ ಚೆಂಡು ಬಂತು. ನಮ್ಮ ಸಾಲಿನಲ್ಲಿ ಒಬ್ಬರು ಫೋನಿನಲ್ಲಿ ಗಿರಾಕಿಯ ಬೈಗುಳ ಕೇಳುತ್ತಾ ಎಷ್ಟು ಹಿಸುಕಿದರೆಂದರೆ, ಚೆಂಡು ಒಡೆದು ಒಳಗಿನ ಬಿಳಿ ಪುಡಿಯೆಲ್ಲ ಕೀಬೋರ್ಡಿನೊಳಗೆ ಹೋಯಿತು. ಕೀಬೋರ್ಡು ಹಾಳಾದದ್ದಕ್ಕೆ ಅವರಿಂದ ವಿವರಣೆ ಕೇಳಿದ್ದಾರೆ.

ಫಾರಂ ವಿಷಯ ಹೇಳದಿದ್ದರೆ ಪಾಪ ಬರುತ್ತದೆ. ಪ್ರತಿ ತಿಂಗಳೂ ಒಂದು ಫಾರಂ ತುಂಬಬೇಕು. 'ನಿಮ್ಮ ಒತ್ತಡ 1ರಿಂದ 10ರ ಒಳಗೆ ಎಷ್ಟು?' ಮೇಲೆ ದಪ್ಪ ಅಕ್ಷರದಲ್ಲಿ, ನಿಮ್ಮ ಉತ್ತರ ಗುಟ್ಟಾಗಿರುತ್ತದೆ ಅಂತ. ಕೆಳಗೆ ಉದ್ಯೋಗಿ ಸಂಖ್ಯೆ ಬರೆಯುವ ಜಾಗ. ಮೊದಲ ತಿಂಗಳು ನಾವೆಲ್ಲ ಪೆದ್ದರ ಹಾಗೆ ನಿಜ ಬರೆದೆವು. 8, 9, ಒಬ್ಬರು 11 ಅಂತ ತಾವೇ ಒಂದು ಮನೆ ಬರೆದುಕೊಂಡು ಟಿಕ್ ಹಾಕಿದ್ದರು. ವಾರದೊಳಗೆ ಮೇಲ್ ಬಂತು. 7ಕ್ಕಿಂತ ಜಾಸ್ತಿ ಬರೆದವರಿಗೆ ಶನಿವಾರ ಬೆಳಗ್ಗೆ ವಿಶೇಷ ಸೆಷನ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಇಲ್ಲಿ ಎತ್ತಿಗೇ ಹಾಕಿದರು, ಅದೂ ರಜೆ ದಿನ.

ಮುಂದಿನ ತಿಂಗಳು ಎಲ್ಲರೂ 3 ಬರೆದೆವು. ಅನುಮಾನ ಬರಬಾರದು ಅಂತ ಕೆಲವರು 4. ಎಚ್‌ಆರ್ ಮೇಡಂ ಅದರ ಗ್ರಾಫ್ ಮಾಡಿ ತೋರಿಸಿದರು. ಎಡಗಡೆ ಬೆಟ್ಟದಷ್ಟು ಎತ್ತರದ ಕೆಂಪು ಕಂಬ, ಬಲಗಡೆ ಮೊಣಕಾಲುದ್ದದ ಹಸಿರು ಕಂಬ. 'ನೋಡಿ, ಎರಡೇ ತಿಂಗಳು!' ಅಂದರು. ನಾವೂ ಚಪ್ಪಾಳೆ ಹೊಡೆದೆವು. ತಟ್ಟದಿದ್ದರೆ ಒತ್ತಡದಲ್ಲಿದ್ದೇವೆ ಅಂದುಕೊಂಡಾರು ಅಂತ ಸ್ವಲ್ಪ ಜೋರಾಗೇ ಹೊಡೆದೆವು.

ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಅನ್ನುವ ಸಂಶೋಧಕರು ಇಂಥ ಗ್ರಾಫುಗಳ ಸಂತೋಷ ಹಾಳು ಮಾಡಿದ್ದಾರೆ. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಕಲೆಹಾಕಿ 2024ರಲ್ಲಿ ಪ್ರಕಟಿಸಿದರು. ಧ್ಯಾನದ ಕ್ಲಾಸು, ಮನಸ್ಸು ಗಟ್ಟಿ ಮಾಡುವ ತರಬೇತಿ, ನೆಮ್ಮದಿಯ ಆ್ಯಪು ಇಂಥವಕ್ಕೆಲ್ಲ ಹೋದವರು, ಹೋಗದೇ ಇದ್ದವರಿಗಿಂತ ನೆಮ್ಮದಿಯಾಗೇನೂ ಇರಲಿಲ್ಲ. ಸ್ವಯಂಸೇವೆಗೆ ಹೋದವರು ಮಾತ್ರ ಸ್ವಲ್ಪ ಗೆಲುವಾಗಿದ್ದರು. ಈ ಸುದ್ದಿಯನ್ನು ನಮ್ಮ ಮೇಡಂಗೆ ಕಳಿಸಿದೆ. 'ತುಂಬಾ ಉಪಯುಕ್ತ' ಅಂತ ಉತ್ತರ ಬಂತು. ಈಗ ಸ್ವಯಂಸೇವೆಯೂ ಕಡ್ಡಾಯವಾಗಿದೆ.

ದುಡಿದು ದುಡಿದು ಒಳಗಿನಿಂದ ಬತ್ತಿಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಅದು ಏನು ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರೆಯಿತು. ಅದು ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ್ದು. ಕೆಲಸದ ಜಾಗದಲ್ಲಿ ಬಹುಕಾಲದಿಂದ ಇರುವ, ಸರಿಯಾಗಿ ನಿಭಾಯಿಸದ ಒತ್ತಡದ ಫಲ ಅಂತ. ಯಾರು ನಿಭಾಯಿಸಬೇಕಿತ್ತು ಅನ್ನೋದು ಆ ಸಾಲಿನಲ್ಲಿಲ್ಲ. ಆ ಖಾಲಿ ಜಾಗದಲ್ಲಿ ಎಲ್ಲ ಆಫೀಸುಗಳೂ ನೌಕರನ ಹೆಸರನ್ನು ತುಂಬಿಕೊಂಡವು. ಅದೇ ಸಂಸ್ಥೆ 2021ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಜೊತೆ ಸೇರಿ ಇನ್ನೊಂದು ಲೆಕ್ಕ ಕೊಟ್ಟಿತು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ. ಅದರ ಪೋಸ್ಟರ್ ಮಾತ್ರ ನಮ್ಮ ಗೋಡೆಗೆ ಬರಲಿಲ್ಲ. ಗೋಡೆ ಮೇಲಿರೋದು ಒಂದು ಜಲಪಾತ, ಪಕ್ಕದಲ್ಲಿ 'ನೆಮ್ಮದಿ ನಿಮ್ಮೊಳಗೇ ಇದೆ'.

ಆಫೀಸನ್ನೇ ಬೈದು ಮನೆಗೆ ಹೋದರೆ ಅಲ್ಲೂ ಬಿಡುಗಡೆ ಇಲ್ಲ. ಕೈಗೆ ಗಡಿಯಾರ ನಾನೇ ಕಟ್ಟಿಕೊಂಡಿದ್ದೇನೆ. ಮೀಟಿಂಗ್ ನಡುವೆ ಮಣಿಕಟ್ಟಿನಲ್ಲಿ ನಡುಗಿ 'ನಿಮ್ಮ ಒತ್ತಡ ಹೆಚ್ಚಿದೆ' ಅನ್ನುತ್ತದೆ. ಗೊತ್ತಪ್ಪ, ನಾನೂ ಅದೇ ಮೀಟಿಂಗ್‌ನಲ್ಲಿದ್ದೇನೆ. ದಿನಕ್ಕೆ 10,000 ಹೆಜ್ಜೆ ನಡೆಸುತ್ತದೆ. ಆ ಸಂಖ್ಯೆ ಯಾವ ವೈದ್ಯರದ್ದೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು 'ಮಾನ್ಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರಿನ ಋಣಕ್ಕೆ ನಾನು ರಾತ್ರಿ ಹತ್ತೂವರೆಗೆ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ತಿರುಗುತ್ತಾ ಬಾಕಿ 800 ಹೆಜ್ಜೆ ತೀರಿಸುತ್ತೇನೆ. ಮನೆಯವರು 'ಏನಾದ್ರೂ ಟೆನ್ಷನ್ನಾ?' ಅಂತ ಕೇಳುತ್ತಾರೆ.

ನಿದ್ದೆಗೂ ಅಂಕ ಬಂದಿದೆ. ಒಂದು ಬೆಳಗ್ಗೆ ಹಾಯಾಗಿ ಎದ್ದೆ. ಗಡಿಯಾರ ನೋಡಿದೆ, 62. ಅರ್ಧ ಗಂಟೆಯೊಳಗೆ ಸುಸ್ತು ಶುರುವಾಯಿತು. ಒಳ್ಳೆ ನಿದ್ದೆಯ ಅಂಕದ ಹಿಂದೆ ಬಿದ್ದು ಇದ್ದ ನಿದ್ದೆಯನ್ನೂ ಕಳೆದುಕೊಳ್ಳುವವರು ಎಷ್ಟು ಹೆಚ್ಚಿದ್ದಾರೆಂದರೆ, 2017ರಲ್ಲಿ ಅಮೆರಿಕದ ತಜ್ಞರು ಅದಕ್ಕೆ 'ಆರ್ಥೋಸೋಮ್ನಿಯಾ' ಅಂತ ನಾಮಕರಣ ಮಾಡಬೇಕಾಯಿತು.

ಇದೆಲ್ಲಕ್ಕಿಂತ ನನಗೆ ಸೋಜಿಗ ಅನ್ನಿಸಿದ್ದು ಮೌನದ ಆ್ಯಪು. ಚಂದಾ ಕಟ್ಟಿದರೆ ಹತ್ತು ನಿಮಿಷ ಮೌನ ಕೊಡುತ್ತದೆ. ಕಟ್ಟದಿದ್ದರೂ ಮೌನ ಕೊಡುತ್ತದೆ, ನಡುವೆ ಜಾಹೀರಾತು. ಇಂಥ ಕಾಲದಲ್ಲಿ ಕಿಟಕಿ ಹತ್ತಿರ ಕೂತು ಹೊರಗೆ ನೋಡುವುದು, ಪಾತ್ರೆ ತೊಳೆಯುವುದು, ಒಗೆದ ಬಟ್ಟೆ ಮಡಚುವುದು ಇವೆಲ್ಲ ಹಿಂದೆ ಬಿದ್ದಿವೆ. ನೊರೆಯಲ್ಲಿ ಕೈ ಅದ್ದಿಕೊಂಡು, ತಲೆಯಲ್ಲಿ ಏನೂ ಇಲ್ಲದೆ, ಒಂದು ತಟ್ಟೆಯನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಜಾಸ್ತಿ ಉಜ್ಜುವ ಸುಖಕ್ಕೆ ಲಾಗಿನ್ ಬೇಡ. ಅದೇ ಅದರ ಕೊರತೆ. ಲಾಗಿನ್ ಇಲ್ಲದ್ದನ್ನು ವರದಿಯಲ್ಲಿ ತೋರಿಸೋದು ಹೇಗೆ?

ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ ಒಂದು ಕಾನೂನಿದೆ. 50 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು, ಕೆಲಸದ ಹೊತ್ತು ಮುಗಿದ ಮೇಲೆ ನೌಕರರು ಫೋನು, ಮೇಲ್‌ಗಳಿಂದ ದೂರವಿರುವ ಹಕ್ಕಿನ ಬಗ್ಗೆ ಅವರ ಪ್ರತಿನಿಧಿಗಳ ಜೊತೆ ಮಾತಾಡಬೇಕು. ನಮ್ಮಲ್ಲಿ ಮ್ಯಾನೇಜರ್ ಸಾಹೇಬರು ತಮ್ಮ ಮೇಲ್‌ಗಳ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ. 'ನಿಮಗೆ ಅನುಕೂಲವಾದಾಗ ಉತ್ತರಿಸಿದರೆ ಸಾಕು.' ಹತ್ತು ನಿಮಿಷ ಬಿಟ್ಟು ಫೋನ್ ಮಾಡುತ್ತಾರೆ. 'ಮೇಲ್ ನೋಡಿದ್ರಾ?'

ಇಷ್ಟರ ನಡುವೆ ನನಗೊಂದು ಜಾಗ ಸಿಕ್ಕಿತ್ತು. ನಮ್ಮ ಕಟ್ಟಡದ ಹಿಂದಿನ ಮೆಟ್ಟಿಲು. ಲಿಫ್ಟ್ ಇರೋದರಿಂದ ಅಲ್ಲಿ ಯಾರೂ ಓಡಾಡುವುದಿಲ್ಲ. ಒಂದು ದಿನ ಹನ್ನೊಂದು ಗಂಟೆ ಸುಮಾರಿಗೆ ಎದ್ದು ಹೋಗಿ ನಾಲ್ಕನೇ ಮೆಟ್ಟಿಲ ಮೇಲೆ ಕೂತೆ. ಫೋನು ಸೀಟಿನಲ್ಲೇ ಬಿಟ್ಟಿದ್ದೆ. ನೆಲ ತಣ್ಣಗಿತ್ತು. ಏನೂ ಮಾಡಲಿಲ್ಲ. ಉಸಿರನ್ನೂ ಎಣಿಸಲಿಲ್ಲ. ಮಾರನೆ ದಿನ ಹೋದರೆ ಲೆಕ್ಕಪತ್ರ ವಿಭಾಗದ ಆ ಹಿರಿಯರು ಆಗಲೇ ಗೋಡೆಗೊರಗಿ ಕೂತಿದ್ದರು. ಸ್ವಲ್ಪ ಸರಿದು ಜಾಗ ಕೊಟ್ಟರು. ವಾರದೊಳಗೆ ಚೆಂಡು ಒಡೆದವರು, ಪೆನ್ಸಿಲ್ ಮುರಿದವಳು ಇಬ್ಬರೂ ಬಂದರು. ಯಾರೂ ಮಾತಾಡುತ್ತಿರಲಿಲ್ಲ. ಅಲ್ಲಿನ ದೀಪಕ್ಕೂ ಸೆನ್ಸರ್ ಇದೆ. ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಯಾರೂ ಕೈ ಬೀಸುತ್ತಿರಲಿಲ್ಲ.

ನಿನ್ನೆ ರಾತ್ರಿ 11 ಗಂಟೆ 52 ನಿಮಿಷಕ್ಕೆ ಮೇಲ್ ಬಂದಿದೆ. 'ಹೊಸ ಉಪಕ್ರಮ: ಮೆಟ್ಟಿಲ ಮೌನ! ಸಿಬ್ಬಂದಿಯೇ ಕಂಡುಕೊಂಡ ಈ ವಿಧಾನವನ್ನು ಸಂಸ್ಥೆ ಹೆಮ್ಮೆಯಿಂದ ಅಳವಡಿಸಿಕೊಳ್ಳುತ್ತಿದೆ. ಸುರಕ್ಷತೆಗಾಗಿ ದೀಪ ಸದಾ ಉರಿಯುವಂತೆ ವ್ಯವಸ್ಥೆ ಮಾಡಲಾಗಿದೆ. ಒಬ್ಬರಿಗೆ ಹತ್ತು ನಿಮಿಷ. ಮುಂಚಿತವಾಗಿ ಹೆಸರು ನೋಂದಾಯಿಸಿ. ನಂತರ ಫಾರಂ ತುಂಬುವುದು ಕಡ್ಡಾಯ.' ಕೆಳಗೆ ಅದೇ ಸೂರ್ಯ, ಈ ಸಲ ಮೆಟ್ಟಿಲ ಮೇಲೆ ಕೂತಿದ್ದಾನೆ.

ತಕ್ಷಣ ಲಿಂಕ್ ಒತ್ತಿದೆ. ಈ ವಾರದ ಸ್ಲಾಟುಗಳೆಲ್ಲ ತುಂಬಿವೆ. ಬರುವ ಮಂಗಳವಾರ 11 ಗಂಟೆ 10 ನಿಮಿಷಕ್ಕೆ ವೇಟಿಂಗ್ ಲಿಸ್ಟ್‌ನಲ್ಲಿ ನನ್ನದು ಆರನೇ ಹೆಸರು.