ಅಮ್ಮನ ಶುಗರ್ ವರದಿ ಯಾರ್ಯಾರ ಕೈಯಲ್ಲಿ?

ಊರಿನಲ್ಲಿರುವ ಅಮ್ಮನಿಗೆ ಜರ್ಮನಿಯಿಂದಲೇ ಆನ್‌ಲೈನ್‌ನಲ್ಲಿ ರಕ್ತಪರೀಕ್ಷೆ ಗೊತ್ತುಮಾಡಿದ್ದೆ. ವರದಿ ನನ್ನ ಕೈಸೇರುವ ಮೊದಲೇ ಅಮ್ಮನಿಗೆ ಅಪರಿಚಿತನೊಬ್ಬನ ಕರೆ ಬಂದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿಯನ್ನು ದಶಮಾಂಶ ಸಮೇತ ಹೇಳಿ, ಮಧುಮೇಹದ ಪ್ಯಾಕೇಜೊಂದಕ್ಕೆ ಸೇರಿಕೊಳ್ಳುವಂತೆ ಆತ ಒತ್ತಾಯಿಸಿದ್ದ. ಅದಕ್ಕಿಂತಲೂ ನನ್ನನ್ನು ಚುಚ್ಚಿದ್ದು ಅಮ್ಮನ ಮಾತು: “ಪಾಪ, ಒಳ್ಳೇದಕ್ಕೇ ಹೇಳಿದ ಕಣೋ. ಕಾಯಿಲೆ ಮುಚ್ಚಿಡೋಕೆ ನಾವೇನು ಕಳ್ಳರಾ?”

ಮುಚ್ಚಿಡುವುದು ಬೇರೆ, ಯಾರಿಗೆ ಹೇಳಬೇಕೆಂದು ರೋಗಿಯೇ ತೀರ್ಮಾನಿಸುವುದು ಬೇರೆ. ನಾನಿರುವ ಊರಿನ ಚಿಕಿತ್ಸಾಲಯಕ್ಕೆ ಫೋನ್ ಮಾಡಿ ಹೆಂಡತಿಯ ಪರೀಕ್ಷೆಯ ಫಲಿತಾಂಶ ಕೇಳಿದಾಗ, ಕೌಂಟರಿನಲ್ಲಿದ್ದ ಮಹಿಳೆ ಬಹಳ ಸೌಜನ್ಯದಿಂದಲೇ “ಅವರೇ ಮಾತನಾಡಲಿ” ಎಂದು ಹೇಳಿ ಮಾತು ಮುಗಿಸಿದರು. ರೋಗಿಯ ಗುಟ್ಟನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವ ವೈದ್ಯರಿಗೂ ಅವರ ಸಹಾಯಕರಿಗೂ ಜರ್ಮನಿಯ ದಂಡಸಂಹಿತೆಯ 203ನೆಯ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. 2025ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಎಲೆಕ್ಟ್ರಾನಿಕ್ ರೋಗಿ ಕಡತವನ್ನು ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ. ಇಟ್ಟುಕೊಂಡವರು ತಮ್ಮ ಕಡತವನ್ನು ಯಾರು ತೆರೆದರೆಂಬುದನ್ನು ಆ್ಯಪ್‌ನಲ್ಲೇ ನೋಡಬಹುದು, ಬೇಡದ ದಾಖಲೆಯನ್ನು ಮರೆಮಾಡಬಹುದು. ಅದರ ಭದ್ರತೆಯಲ್ಲಿನ ಲೋಪಗಳನ್ನು ಜರ್ಮನಿಯ ಹ್ಯಾಕರ್‌ಗಳ ಸಂಘವಾದ ಕೇಯಾಸ್ ಕಂಪ್ಯೂಟರ್ ಕ್ಲಬ್‌ನ ತಜ್ಞರು 2024ರ ಡಿಸೆಂಬರಿನಲ್ಲಿ ಬಹಿರಂಗವಾಗಿಯೇ ತೋರಿಸಿದ್ದರು. ಅಂಥವರು ಇದ್ದಾರೆಂಬುದೇ ನನ್ನ ನಂಬಿಕೆಯನ್ನು ಹೆಚ್ಚಿಸಿತು.

ನಮ್ಮಲ್ಲಿ ಹಕ್ಕಿಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದಾಗ, ಆ ಮೊಕದ್ದಮೆಯ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕನ್ನಡಿಗರಾದ ನಾವು ಇದನ್ನು ಹೆಮ್ಮೆಯಿಂದ ನೆನೆಯಬೇಕಿತ್ತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರೋಗ್ಯದ ಮಾಹಿತಿಯನ್ನು ಪ್ರತ್ಯೇಕ ವರ್ಗವಾಗಿ ಕಾಣುವುದಿಲ್ಲ; ಐರೋಪ್ಯ ಒಕ್ಕೂಟದ ನಿಯಮ ಅದಕ್ಕೆ ವಿಶೇಷ ರಕ್ಷಣೆಯನ್ನೇ ಕೊಟ್ಟಿದೆ. ನಮ್ಮ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾದ ಹದಿನಾಲ್ಕು ಅಂಕಿಗಳ ಸಂಖ್ಯೆಯ ವ್ಯವಸ್ಥೆಯಲ್ಲಿಯೂ ದಾಖಲೆ ಹಂಚಿಕೊಳ್ಳಲು ರೋಗಿಯ ಒಪ್ಪಿಗೆ ಬೇಕು. ಕಳೆದ ಬಾರಿ ಊರಿಗೆ ಹೋದಾಗ ಆಸ್ಪತ್ರೆಯೊಂದರಲ್ಲಿ ಆ ಒಪ್ಪಿಗೆ ಪಡೆಯುವ ಬಗೆಯನ್ನು ಕಣ್ಣಾರೆ ಕಂಡೆ. ಕೌಂಟರಿನ ಹುಡುಗ ತಲೆಯೆತ್ತದೆ “ಓಟಿಪಿ ಹೇಳಿ” ಎಂದ. ಮುಂದೆ ನಿಂತಿದ್ದ ಹಿರಿಯರು ಕನ್ನಡಕ ಸರಿಪಡಿಸಿಕೊಂಡು, ಇಡೀ ಸಾಲಿಗೆ ಕೇಳುವಂತೆ ಆರೂ ಅಂಕಿಗಳನ್ನು ಓದಿ ಹೇಳಿದರು. ಏತಕ್ಕೆಂದು ಅವರು ಕೇಳಲಿಲ್ಲ, ಆತನೂ ಹೇಳಲಿಲ್ಲ. ಇದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು. ಓಟಿಪಿ ಕೊಟ್ಟರೆ ಯಾವ ದಾಖಲೆ, ಯಾರಿಗೆ, ಎಷ್ಟು ಕಾಲ ಕಾಣುತ್ತದೆಂದು ಕನ್ನಡದಲ್ಲಿ ಎರಡು ವಾಕ್ಯ ಹೇಳಿಸುವುದು ಯಾವ ಆಸ್ಪತ್ರೆಗೂ ಭಾರವಲ್ಲ.

ಕಾಯಿಲೆಯ ಸುದ್ದಿಯನ್ನು ಬಂಧುಗಳೊಂದಿಗೆ ಹಂಚಿಕೊಂಡೇ ಬೆಳೆದವರು ನಾವು. ಕೇಳಿದವರು ನೋಡಲು ಬರುತ್ತಿದ್ದರು, ರಾತ್ರಿ ಜೊತೆಗಿರುತ್ತಿದ್ದರು. ಅದೇ ಸಲಿಗೆಯನ್ನು ಮುಖವೇ ಇಲ್ಲದ ಕಂಪನಿಗಳಿಗೂ ಕೊಟ್ಟುಬಿಟ್ಟಿದ್ದೇವೆ.

ಒಂದನ್ನು ಮಾತ್ರ ಒಪ್ಪಲೇಬೇಕು. ಅಪ್ಪನಿಗೆ ಒಂದು ರಾತ್ರಿ ಎದೆನೋವು ಬಂದಾಗ, ನನ್ನ ತಮ್ಮ ಅವರ ಇಸಿಜಿಯ ಫೋಟೊ ತೆಗೆದು ಪರಿಚಯದ ವೈದ್ಯರಿಗೆ ವಾಟ್ಸಾಪ್ ಮಾಡಿದ. ಅವರು ಕೂಡಲೇ ಕರೆ ಮಾಡಿ, ತಡಮಾಡದೆ ಹೃದ್ರೋಗದ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದರು. ಇಲ್ಲಿ ತಜ್ಞರ ಭೇಟಿಗೆ ನಾನು ವಾರಗಟ್ಟಲೆ ಕಾದಿದ್ದೇನೆ; ನನ್ನ ವೈದ್ಯರ ಖಾಸಗಿ ಮೊಬೈಲ್ ಸಂಖ್ಯೆ ಇಂದಿಗೂ ನನ್ನ ಬಳಿ ಇಲ್ಲ.